ಸಿಮೆಂಟು ಕಲಸಿದ ಕಣ

ಮೊಮ್ಮಗನಿಗೆ ಸರಿ ಕಾಯಿಸಲೆಂದು ರಾಗಿ ಹಿಟ್ಟು ಸೋಸುತ್ತಿದ್ದೆ. ರಾಗಿ ನೆನೆಹಾಕಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಬೀಸಿ, ಹಳೆಯ ಮೆತ್ತನೆಯ ಪಂಚೆಯಲ್ಲಿ ಸೋಸಿದರೆ ಹಿಟ್ಟು ವಿಭೂತಿಯ ಹಾಗೆ ಇಳಿಯುತ್ತದೆ. ಬಾಣಂತನಕ್ಕೆ ಬಂದ ಮಗಳು ಇನ್ನೂ ನಮ್ಮಲ್ಲೇ ಇದ್ದಳು. ಮಗುವಿಗೆ ಸರಿ ಉಣಿಸಲು ಆಗಷ್ಟೇ ಶುರುಮಾಡಿದ್ದೆವು.

ಹೊಲದ ಕಡೆಯಿಂದ ಮೈದುನ ಬಂದ. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಅವನಿಗೆ, ಅವತ್ತು ರಜೆ. ಚಪ್ಪಲಿ ಕೂಡ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತ.

"ಅತ್ಗೆಮ್ಮ, ಆ ಇಟ್ಟು ಬುಟ್ಬುಡು. ಮಗೀಗೆ ಉಣ್ಸಬ್ಯಾಡ."

"ಯಾಕ್ಲಾ, ಏನಾಯ್ತು?"

"ಕಣದ ಮಣ್ಣಾಗೆ ಸೀಸ ಮತ್ತೆ ಎದ್ದೈತಂತೆ. ಆಪೀಸ್ನೋರು ಬಂದವ್ರೆ. ಅಲ್ಲಿ ಒಕ್ಕಿದ್ ರಾಗಿ ಯಾರೂ ತಿನ್ಬಾರ್ದು ಅಂತವ್ರೆ."

ಮಗು ಬೆಳಿಗ್ಗೆಯ ಸರಿ ಉಂಡು ತೊಟ್ಟಿಲಲ್ಲಿ ಮಲಗಿತ್ತು. ತುಟಿಯ ಅಂಚಿನಲ್ಲಿ ಇನ್ನೂ ಅಂಟಿಕೊಂಡಿತ್ತು.

ಗಡಿಯಾಚೆ, ತಮಿಳುನಾಡಿಗೆ ಸೇರಿದ ಬಾಗಲೂರಿನ ಹತ್ತಿರ ನಮ್ಮ ಹೊಲ. ಅದರ ಒಂದು ಮೂಲೆಯನ್ನು ಮಾವನವರು ತಮ್ಮ ಕಾಲದಲ್ಲಿ ಹೊರಗಿನವನೊಬ್ಬನಿಗೆ ಗುತ್ತಿಗೆಗೆ ಕೊಟ್ಟಿದ್ದರು. ಅವನು ಶೆಡ್ಡು ಹಾಕಿ, ಹಳೆಯ ಲಾರಿ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದ. ಪಕ್ಕದಲ್ಲಿ ಮೇಯುತ್ತಿದ್ದ ದನಗಳು ಸತ್ತ ಮೇಲೆ ಊರವರು ಗಲಾಟೆ ಮಾಡಿದರು, ಅವನು ರಾತ್ರೋರಾತ್ರಿ ಕಾಣೆಯಾದ. ಆಮೇಲೆ ಅಧಿಕಾರಿಗಳು ಬಂದು ಆ ಮಣ್ಣನ್ನು ಅಗೆಸಿ, ಸಿಮೆಂಟು ಸುಣ್ಣ ಕಲಸಿ, ಅಲ್ಲೇ ಹರಡಿ ರೋಲರ್ ಓಡಿಸಿದರು. ಗಟ್ಟಿಯಾದ ಮೇಲೆ ಒಂದು ಹೆಂಟೆಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಸೀಸ ನೀರಿಗೆ ಬಿಡುತ್ತದೆಯೇ ಎಂದು ಪರೀಕ್ಷೆ ಮಾಡಿದರಂತೆ. ಇನ್ನು ಭಯವಿಲ್ಲ, ವಿಷವನ್ನು ಕಲ್ಲಿನೊಳಗೆ ಕಟ್ಟಿಹಾಕಿದ್ದೇವೆ ಎಂದು ಹೇಳಿ ಜೀಪು ಹತ್ತಿದರು. ಬೇಲಿ ಹಾಕಲಿಲ್ಲ. ಇಲ್ಲಿ ಇಂಥದ್ದು ಮಾಡಬೇಡಿ ಎಂದು ಒಂದು ಮಾತು ಹೇಳಲಿಲ್ಲ.

ರಾಗಿ ಬೆಳೆಯುವವರ ಕಣ್ಣಿಗೆ ಅಂಥ ನೆಲ ಬಿದ್ದರೆ ಬಿಡುತ್ತಾರೆಯೇ? ಪ್ರತಿ ಸುಗ್ಗಿಗೂ ನೆಲ ಕೆತ್ತಿ, ನೀರು ಹೊಡೆದು, ತುಳಿದು, ಕಣ ಮಾಡಿಕೊಳ್ಳಬೇಕು. ಇಲ್ಲಿ ಕಣ ತಾನೇ ಸಿದ್ಧವಾಗಿ ಬಿದ್ದಿತ್ತು. ನಮ್ಮ ಯಜಮಾನರಿಗೆ ಹಿಗ್ಗು. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ಕೂಗಿದ್ದ:

"ಏನ್ಲಾ, ಕಣಕ್ಕೇ ಸಿಮೆಂಟ್ ಆಕ್ಸಿಬುಟ್ಟೆ? ರಾಗಿ ಒಕ್ತೀಯೋ, ಮದ್ವೆ ಮಾಡ್ತೀಯೋ?"

"ನಿನ್ ರಾಗೀನೂ ತಂದಾಕ್ಕೊಳ್ಳಲಾ, ಒಟ್ಟೆ ಉರ್ಕೋಬ್ಯಾಡ!"

ಎಷ್ಟು ಗಟ್ಟಿಯಾದರೂ ಕಣ ಕಣವೇ. ಸುಗ್ಗಿಗೆ ಮೊದಲು ನಾನು ಸಗಣಿಯ ಬಗ್ಗಡ ಕಲಸಿ ಸಾರಿಸುತ್ತಿದ್ದೆ. ರಾಶಿಯ ಮೇಲೆ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸುತ್ತಿದ್ದೆ. ಕಣಕ್ಕೆ ಚಪ್ಪಲಿ ಹಾಕಿಕೊಂಡು ಕಾಲಿಡುವಂತಿಲ್ಲ, ಅದು ಲಕ್ಷ್ಮಿ ಇಳಿಯುವ ಜಾಗ. ಮೊದಲ ಸುಗ್ಗಿ ಚೆನ್ನಾಗಿಯೇ ಆಯಿತು. ಆಮೇಲೆ ಮಳೆಗಾಲದಲ್ಲಿ ಅದರ ಮೇಲೆ ನೀರು ನಿಂತಿತು, ಬೇಸಿಗೆಯಲ್ಲಿ ಬಿರಿಯಿತು, ಮತ್ತೆ ನೆನೆಯಿತು, ಮತ್ತೆ ಒಣಗಿತು. ಈ ಸಲ ಬಗ್ಗಡ ಹಕ್ಕಳೆಯಾಗಿ ಎದ್ದಾಗ ಅದರ ಅಡಿಗೆ ಬೂದಿ ಬಣ್ಣದ ಹುಡಿ ಅಂಟಿಕೊಂಡು ಬರುತ್ತಿತ್ತು. ತೂರುವಾಗ ಮೂಗಿಗೆ ಘಾಟು ಹೊಡೆಯಿತು. ಸಿಮೆಂಟಿನ ಧೂಳು ಅಂದುಕೊಂಡೆವು. ಸಿಮೆಂಟು ಯಾರ ಮನೆಯಲ್ಲಿಲ್ಲ?

ಮೈದುನನ ಹಿಂದೆ ನಾನೂ ಹೊಲಕ್ಕೆ ಹೋದೆ. ಅಧಿಕಾರಿಗಳು ಬೂಟು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಣದ ನಡುವೆ ನಿಂತಿದ್ದರು. ನಾನು ಅಭ್ಯಾಸಬಲದಿಂದ ಅಂಚಿನಲ್ಲಿ ಚಪ್ಪಲಿ ಬಿಡಲು ಹೋದೆ. ಯಜಮಾನರು, "ಆಕ್ಕೊಳೇ ಸಾಕು," ಎಂದು ಗದರಿದರು. ಆ ಮನುಷ್ಯ ಕಣದಲ್ಲಿ ಹಾಗೆ ಹೇಳಿದ್ದು ಅದೇ ಮೊದಲು.

ಅವರಲ್ಲೊಬ್ಬ ನನ್ನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದ: "ಇಂಗೆ ತಣ್ಣಿ ಯಾರಮ್ಮಾ ಊತ್ತಿನದು?" ನೀರು ಹಾಕಿದ್ದು ಯಾರು ಅಂತ. ಸಗಣಿ ನೀರು ಹಾಕಿ ಸಾರಿಸಿದ್ದರಿಂದಲೇ ಕೆಟ್ಟಿತು ಎಂದು ಬರೆದುಕೊಳ್ಳುವ ಆತುರ ಅವನಿಗೆ.

"ವರ್ಸಕ್ಕೊಂದ್ಸಲ ನಮ್ಮವ್ಳು ಒಂದ್ ಬಕೆಟ್ ಆಕವ್ಳೆ," ಅಂದರು ಯಜಮಾನರು. "ಮಿಕ್ಕಿದ್ದೆಲ್ಲಾ ಮ್ಯಾಲ್ನೋನು ಉಯ್ದ್ಬುಟ್ಟ. ಅವ್ನುನ್ನೂ ಕೇಳಿ ಸ್ವಾಮಿ. ಮಳೆ ಬತ್ತದೆ ಅಂತ ನಿಮ್ಗೆ ಯಾರೂ ಯೋಳ್ಲಿಲ್ವಾ?"

ಅವನು ಬರೆಯುವುದನ್ನು ನಿಲ್ಲಿಸಲಿಲ್ಲ.

ಮಾರನೆಯ ದಿನ ಮಗಳೂ ಮೈದುನನೂ ಮಗುವನ್ನು ಎತ್ತಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋದರು. ಅಷ್ಟು ಚಿಕ್ಕ ತೋಳಿನಲ್ಲಿ ರಕ್ತ ತೆಗೆಯಲು ನರ ಸಿಗದೆ ಎರಡೂ ಕೈಗೆ ಚುಚ್ಚಿದರಂತೆ. ಫಲಿತಾಂಶ ಬರುವವರೆಗೆ ದೇವರ ಮುಂದೆ ತುಪ್ಪದ ದೀಪ ಆರದ ಹಾಗೆ ನೋಡಿಕೊಂಡೆ. ಅಷ್ಟರಲ್ಲಿ ಅಧಿಕಾರಿಗಳು ಮನೆಯ ರಾಗಿಯನ್ನೆಲ್ಲ ಹೊತ್ತೊಯ್ದು ಗುಂಡಿಗೆ ಸುರಿಸಿದರು. ನಾನು ನೋಡಲು ಹೋಗಲಿಲ್ಲ. ಇದೇ ಕೈಯಿಂದ ಪೂಜೆ ಮಾಡಿ ಒಳಗೆ ಕರೆದ ರಾಶಿ ಅದು.

ಆಸ್ಪತ್ರೆಯ ಚೀಟಿ ತರಲು ಹೋಗಿದ್ದ ಮೈದುನ ಸಂಜೆಗೆ ಬಂದ. ಮಗುವಿನ ರಕ್ತದಲ್ಲಿ ಸೀಸ ಇತ್ತು.

"ಜಾಸ್ತಿ ಇಲ್ವಂತೆ ಅತ್ಗೆಮ್ಮ. ಆ ರಾಗಿ ನಿಲ್ಸಿದ್ರೆ ನಿದಾನಕ್ಕೆ ಇಳೀತದಂತೆ. ಬುದ್ಧಿಗೇನಾರ ಆಯ್ತದಾ ಅಂದ್ರೆ, ಬೆಳೀಲಿ ನೋಡಾನ ಅಂದ್ರು."

ಮಗಳು ನನ್ನ ಮುಖ ನೋಡದೆ ಮಗುವನ್ನು ಎದೆಗೆ ಹಾಕಿಕೊಂಡು ಒಳಗೆ ಹೋದಳು.

ದೇವರು ಮಾಡಿದ ಉಪಕಾರವನ್ನು ಇಲ್ಲವೆನ್ನಬಾರದು. ಮಗು ತುತ್ತಿಗೆ ಅರ್ಧ ಉಗುಳುತ್ತಿತ್ತು. ಅದಕ್ಕೆ ನಾನೇ ಬೈದಿದ್ದೆ, ಈಗ ಅದನ್ನೇ ಪುಣ್ಯ ಎಂದು ಎಣಿಸಿಕೊಳ್ಳಬೇಕು. ಎದೆಹಾಲು ಇನ್ನೂ ಬತ್ತಿರಲಿಲ್ಲ. ಬೇಗ ಗೊತ್ತಾಯಿತು. ಇಷ್ಟಕ್ಕೆ ತಿಮ್ಮರಾಯಸ್ವಾಮಿಗೆ ಕೈಮುಗಿದೆ. ಆದರೆ ಕೈಮುಗಿಯುವಾಗ ಬಾಯಿಯೆಲ್ಲ ಕಹಿಯಾಗಿತ್ತು. ಕಲ್ಲಾಗಿದೆ ಎಂದು ಹೇಳಿ ಹೋದವರ ಮನೆಯಲ್ಲೂ ಮಕ್ಕಳಿರಬೇಕು. ಅವರಿಗೆ ಏನೂ ಆಗದಿರಲಿ ಎಂದು ಬೇಡಿಕೊಳ್ಳಲು ಅವತ್ತು ನನ್ನಿಂದ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಒಳಗೆ ಮಗು ಹಸಿವಿಗೆ ರಚ್ಚೆ ಹಿಡಿಯಿತು. ರೇಷನ್ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು, ಗಂಜಿಗೆ ಕಲ್ಲು ಆರಿಸುತ್ತ ಕೂತೆ.