ಜಗಲಿ ಏರಿದ ಅಣಬೆ

ಗೆಳೆಯರೇ, ಇವತ್ತು ನಮ್ಮಣ್ಣ ಜಲನಗರದ ನಮ್ಮ ಮನೆಗೆ ಅಣಬೆ ಮಾತ್ರೆಯ ಡಬ್ಬಿ ತಂದ. ಹೊಸ ವಸ್ತುವೆಂದು ಮೊದಲು ದೇವರ ಜಗಲಿಯ ಮೇಲಿಟ್ಟು ಕೈ ಮುಗಿದ. ನನ್ನ ಮಗಳಿಗೆ ಮುಟ್ಟು ನಿಲ್ಲುವ ವಯಸ್ಸು. ಮೈಯೆಲ್ಲ ಉರಿ, ನಿದ್ದೆಯಿಲ್ಲ.

“ಈ ವಯಸ್ಸಿನ ಹೆಣ್ಮಕ್ಕಳಿಗೆ ಭಾಳ ಚಲೋ ಅಂತ. ದಿನಾ ನುಂಗವಾ,” ಎಂದು ಅವಳಿಗೆ ಹೇಳಿದ.

ಎಪ್ಪತ್ತರ ದಶಕದಲ್ಲಿ, ನಾವು ಇಟ್ಟಂಗಿಹಾಳದಲ್ಲಿದ್ದಾಗ, ನಮ್ಮವ್ವನಿಗೂ ಇದೇ ಸಂಕಟವಿತ್ತು. ಒಂದು ಮಳೆಗಾಲ ಪಕ್ಕದ ಮನೆಯ ಹುಸೇನಬಿ ಹೊಲದ ಬದುವಿನಿಂದ ಅಣಬೆ ಕಿತ್ತು ತಂದು, “ತಿನ್ರಿ ಅಕ್ಕಾರ, ಮೈ ತಂಪಾಕೈತಿ,” ಅಂದಿದ್ದಳು. ಅವ್ವ ಹಿತ್ತಲಲ್ಲಿ ಕದ್ದು ಬೇಯಿಸುತ್ತಿದ್ದಾಗ ಇದೇ ಅಣ್ಣ ಗಡಿಗೆಯನ್ನು ತಿಪ್ಪೆಗೆ ಎಸೆದಿದ್ದ.

“ಲಿಂಗ ಕಟ್ಟಿದ ಮನ್ಯಾಗ ಇದೂ ಒಂದೇ, ಮಾಂಸಾನೂ ಒಂದೇ. ಜಳಕಾ ಮಾಡಿ ಒಳಗ ಬಾ ಬೇ.”

ಅವ್ವ ಬಚ್ಚಲಿಗೆ ಹೋಗಿದ್ದಳು.

ಇವತ್ತು ಅದನ್ನು ನೆನಪಿಸಿದೆ. ಅಣ್ಣ ಚಹಾ ಹೀರುತ್ತ, “ಅದು ಮಣ್ಣಾಗ ಹುಟ್ಟಿದ್ದು ತಂಗಿ. ಇದು ಸೀಲ್ ಮಾಡಿದ ಡಬ್ಬಿ,” ಎಂದ.

ಅವ್ವನ ಫೋಟೊ ಅದೇ ಜಗಲಿಯ ಮೇಲಿದೆ. ಡಬ್ಬಿ ಈಗ ಅವಳ ಮಗ್ಗುಲಲ್ಲೇ ಕೂತಿದೆ. ಜಳಕ ಮಾಡಿ ಒಳಗೆ ಬಾ ಎಂದು ಅದಕ್ಕೆ ಯಾರೂ ಹೇಳಲಿಲ್ಲ.