ಅಮ್ಮನಿಗೆ ನಾನು ಓದಿ ಹೇಳಿದ ರಿಪೋರ್ಟ್

“ನಮ್ಮೋರ್ಗೆಲ್ಲಿ ಡಿಗ್ರಿ ಬತ್ತದಕ್ಕಾ? ಅದು ಆಗೋ ಮಾತಾ?” ಎಂದವನು ನನ್ನ ಸೋದರಮಾವ. ಆಗಿಯೇ ತೀರಬೇಕೆಂದು ನಾನು ಅಮ್ಮನಿಗೆ ಒಂದು ರಿಪೋರ್ಟನ್ನು ಸುಳ್ಳಾಗಿ ಓದಿ ಹೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ.

ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದಾಗ ನನಗೆ ಹತ್ತೊಂಬತ್ತು. ಊರಿಗಾಂನ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಒಂದು ಅಂಡಾಶಯ ತೆಗೆದರು, ಕೀಮೋ ಕೊಟ್ಟರು, ಕೂದಲು ಹೋಯಿತು, ಮತ್ತೆ ಬಂತು. ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಬೂದಿಕೋಟೆಯಿಂದ ಬಸ್ಸು, ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು. ರೋಗಕ್ಕಿಂತ ಆ ಕಾಯುವಿಕೆಯೇ ಹೆಚ್ಚು ಸುಸ್ತು ಮಾಡುತ್ತದೆ. ಹೊಟ್ಟೆ ಸ್ವಲ್ಪ ಉಬ್ಬರಿಸಿದರೂ ಗ್ಯಾಸೋ, ಅದೋ — ಯಾರಿಗೆಂದು ಹೇಳುವುದು...

ಅಮ್ಮ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವಳು. ಅಕ್ಷರ ಬಾರದು; ಹಾಲಿನ ಫ್ಯಾಟು, ದುಡ್ಡು ಬರೆದ ಡೇರಿ ಚೀಟಿ ನೋಡಿ ನೋಡಿ ಅಂಕಿ ಮಾತ್ರ ಕಲಿತಿದ್ದಾಳೆ. ಫೈನಲ್ ಪರೀಕ್ಷೆಗೆ ಆರು ವಾರ ಇತ್ತು. ಡಾಕ್ಟರ್ ನನ್ನೊಬ್ಬಳನ್ನೇ ಒಳಗೆ ಕರೆದು, ರಕ್ತದಲ್ಲಿ ಕ್ಯಾನ್ಸರ್ ತೋರಿಸುವ ನಂಬರ್ ಏರಿದೆ, ಈ ವಾರವೇ ಸ್ಕ್ಯಾನ್ ಆಗಬೇಕು ಎಂದರು. ಅಮ್ಮ ಹೊರಗೆ ಬ್ಯಾಗು ಕಾಯುತ್ತ ಕೂತಿದ್ದಳು. ವಾಪಸ್ ಬರುವಾಗ ರೈಲಿನಲ್ಲಿ ಹೊಸ ರಿಪೋರ್ಟನ್ನು ಹಳೆಯದರ ಪಕ್ಕ ಹಿಡಿದು ನೋಡಿದಳು.

“ಓದ್ಸಲಕ್ಕಿಂತ ನಂಬ್ರು ಜಾಸ್ತಿ ಅದಲ್ಲೇ?”

“ಡೇರಿ ಫ್ಯಾಟ್ ಇದ್ದಂಗೆ ಕಣಮ್ಮ. ಜಾಸ್ತಿ ಬಂದಷ್ಟೂ ಒಳ್ಳೇದು.”

ಅಷ್ಟೇ ಹೇಳಿದ್ದು. ಸ್ಕ್ಯಾನಿಗೆ ಹೋದರೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ, ಪರೀಕ್ಷೆ ತಪ್ಪುತ್ತದೆ, ಮಾವ ಅಂದದ್ದೇ ಆಗುತ್ತದೆ — ತಲೆಯಲ್ಲಿ ಇದ್ದದ್ದು ಅದೊಂದೇ.

ಮುಂದಿನ ಶನಿವಾರವೇ ಅಮ್ಮ ದೇವರ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಳು. ನನ್ನ ಕೂದಲು ಉದುರಿದಾಗ ಹರಕೆ ಹೊತ್ತಿದ್ದಳಂತೆ, ನಾನು ಗುಣವಾದರೆ ತನ್ನದನ್ನು ಕೊಡುತ್ತೇನೆಂದು. “ಏನಕ್ಕಾ, ಗುಂಡು ಒಡ್ಸ್ಕೊಂಡು ಒಳ್ಳೆ ಐಸ್ಕೂಲ್ ಉಡ್ಗ ಇದ್ದಂಗಿದ್ದೀಯ!” ಎಂದು ಮಾವ ರೇಗಿಸಿದ. ಅಮ್ಮನೂ ನಕ್ಕಳು. ಬೋಳು ತಲೆಗೆ ಸೆರಗು ಹೊದ್ದು ಹಾಲು ಕರೆಯಲು ಕೂತವಳನ್ನು ನೋಡುತ್ತ ನಾನು ಪುಸ್ತಕದ ಹಾಳೆ ತಿರುವಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು.

ಪರೀಕ್ಷೆ ಮುಗಿಸಿ, ಎರಡು ತಿಂಗಳ ಮೇಲೆ ಹೋದೆ. ಗಡ್ಡೆ ಮತ್ತೆ ಬೆಳೆದಿತ್ತು. ಆವಾಗಲೇ ಬಂದಿದ್ದರೆ? — ಕೇಳಿದೆ. “ಅದನ್ನ ಈಗ ಹೇಳಕ್ಕಾಗಲ್ಲಮ್ಮ,” ಎಂದರು ಡಾಕ್ಟರ್. ಆ ಮಾತನ್ನು ಹೊತ್ತುಕೊಂಡೇ ಓಡಾಡುತ್ತಿದ್ದೇನೆ. ಮತ್ತೊಂದು ಆಪರೇಷನ್ ಆಯಿತು. ಈಗಲೂ ಮೂರು ವಾರಕ್ಕೊಮ್ಮೆ ಡ್ರಿಪ್ಪು, ಅದೇ ರೈಲು, ಬಾಯಲ್ಲಿ ಅದೇ ತುಕ್ಕಿನ ರುಚಿ.

ನನ್ನ ಮೈಗೆ ನಾನು ಮಾಡಿಕೊಂಡದ್ದು ಇರಲಿ. ಅಮ್ಮ ತಪ್ಪು ತನ್ನದೆಂದುಕೊಂಡಳು. ಮುಡಿ ಕೊಡುವ ದಿನ ಉಪವಾಸ ಇರಬೇಕಿತ್ತು. ಬಸ್ಸಿನಲ್ಲಿ ತಲೆ ಸುತ್ತಿ ಒಂದು ಬನ್ನು ತಿಂದಿದ್ದಳು. “ಆ ಬನ್ನು ತಿಂದಿದ್ಕೇ ದೇವ್ರು ಮುನ್ಸ್ಕೊಂಡ,” ಎಂದು ಸಿಕ್ಕವರ ಮುಂದೆಲ್ಲ — ಒಂದು ವರ್ಷ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಕಳೆದ ವಾರ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂತು. ನಮ್ಮ ಮನೆತನದಲ್ಲೇ ಮೊದಲನೆಯದು. ಹೆಮ್ಮೆ ಇಲ್ಲವೆಂದರೆ ಅದೂ ಸುಳ್ಳು. ಕೀಮೋಗೆ ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಅದನ್ನು ಅಮ್ಮನ ಕೈಗಿಟ್ಟೆ. ಅದರ ಮೇಲೆ ಆ ಹಳೆಯ ರಿಪೋರ್ಟನ್ನೂ ಇಟ್ಟು, ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ. ಬನ್ನಿನದೇನೂ ತಪ್ಪಿಲ್ಲ, ತಪ್ಪೆಲ್ಲ ನನ್ನದು ಎಂದೆ.

ಅಮ್ಮ ಅಳಲಿಲ್ಲ, ಬೈಯಲಿಲ್ಲ. ದೂರದಲ್ಲಿ ರೈಲು ಕಾಣಿಸಿತು. ಆಮೇಲೆ ರಿಪೋರ್ಟನ್ನು ಮಡಿಚಿ ಬ್ಯಾಗಿಗೆ ಹಾಕಿ, ಸರ್ಟಿಫಿಕೇಟಿನಲ್ಲಿ ಅಂಕಿ ಇದ್ದ ಕಡೆ ಬೆರಳಿಟ್ಟಳು.

“ಇದ್ರಾಗೆ ಜಾಸ್ತಿ ಇದ್ರೆ ಒಳ್ಳೇದಾ, ಕೆಟ್ಟದಾ? ಈ ಸಲ ದಿಟ ಹೇಳು.”