ಭೀಮಮ್ಮನಿಗೆ ಕೇಳಿದ ಒಂದೇ ಪ್ರಶ್ನೆ

ಸೌಜನ್ಯಳ ಸಂಶೋಧನಾ ಪ್ರಬಂಧದ ವಿಷಯ ಮೊದಲು ‘ಸಂಡೂರಿನ ಗಣಿಗಾರಿಕೆ’ ಎಂದಿತ್ತು. ಹೊಸಪೇಟೆಯ ಕಾಲೇಜಿನಲ್ಲಿ ಅವಳ ಮಾರ್ಗದರ್ಶಕರಾಗಿದ್ದ ಮಲ್ಲಿಕಾರ್ಜುನ್ ಸರ್ ಅದನ್ನು ಓದಿ ನಕ್ಕರು.

“ಇಡೀ ಗುಡ್ಡಾನ ಹೊತ್ಕೊಂಡು ಬಂದೀಯಲ್ಲಮ್ಮಾ! ಸಣ್ಣದು ಮಾಡು.”

ಅವಳು ‘ಕಾರ್ಮಿಕರು’ ಎಂದಳು. ಅದೂ ದೊಡ್ಡದಾಯಿತು. ಕೊನೆಗೆ, ಯಂತ್ರಗಳು ಬರುವ ಮೊದಲು ಮ್ಯಾಂಗನೀಸ್ ಅದಿರನ್ನು ಸುತ್ತಿಗೆಯಿಂದ ಒಡೆದು ಕೈಯಲ್ಲಿ ಆರಿಸುತ್ತಿದ್ದ ಹೆಂಗಸರು ಎಂದಾಗ ಸರ್ ಒಪ್ಪಿದರು. ಆದರೆ ಸ್ವಂತ ಸಂಬಂಧಿಕರನ್ನು ಸಂದರ್ಶಿಸಕೂಡದು ಎಂದರು.

ಸೌಜನ್ಯ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಪ್ರಾಯವೆಲ್ಲ ಅದಿರು ಒಡೆದ ಅವಳ ದೊಡ್ಡವ್ವ ಭೀಮಮ್ಮ, ವಡ್ಡು ಹಳ್ಳಿಯ ಅವರ ಮನೆಯಲ್ಲೇ ಹಗಲೆಲ್ಲ ಒಬ್ಬಳೇ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಧೂಳು ಅವಳ ಎದೆಯಲ್ಲಿ ಉಳಿದುಬಿಟ್ಟಿತ್ತು. ಸೌಜನ್ಯ ಬ್ಯಾಗು ಹೆಗಲಿಗೇರಿಸಿದಾಗಲೆಲ್ಲ ಕೆಣಕುವಳು.

“ಊರೂರು ತಿರುಗಿ ಮುದುಕ್ಯಾರನ್ನ ಹುಡುಕ್ತೀಯಲ್ಲಲೇ, ನಾನೇನು ಹರೇದಾಕಿ ಕಂಡೀನೇನು?”

“ನೀ ಮನಿಯಾಕಿ, ದೊಡ್ಡವ್ವ. ನಿನ್ನ ಮಾತು ಲೆಕ್ಕಕ್ಕ ಬರಂಗಿಲ್ಲ.”

“ಯಾವಾಗ ಬಂದಿತ್ತು ಬಿಡು.”

ಅಲೆದ ಹಳ್ಳಿಗಳಲ್ಲಿ ಆ ಹೆಂಗಸರಲ್ಲಿ ಹೆಚ್ಚಿನವರು ಗೋಡೆಯ ಮೇಲಿನ ಫೋಟೊಗಳಾಗಿದ್ದರು. ಉಳಿದವರು ಮಕ್ಕಳ ಹಿಂದೆ ಗುಳೆ ಹೋಗಿದ್ದರು. ಮಳೆಗಾಲದ ಕೊನೆಗೆ ಸರ್ ತಾವೇ ಸಡಿಲಾದರು: “ಮನಿಯಾಕಿ ಆದ್ರೂ ನಡೀತೈತಿ. ಸಂಬಂಧ ಏನಂತ ಪ್ರಬಂಧದಾಗ ಬರದುಬಿಡು.”

ಅಷ್ಟರಲ್ಲಿ ಭೀಮಮ್ಮನ ಮಂಚದ ಪಕ್ಕಕ್ಕೆ ಆಕ್ಸಿಜನ್ ಸಿಲಿಂಡರು ಬಂದಿತ್ತು. ಎರಡು ಮಾತಾಡಿದರೆ ಕಣ್ಣು ಮೇಲಾಗುತ್ತಿದ್ದವು. ಸೌಜನ್ಯ ಪ್ರಶ್ನಾವಳಿ ಬಿಡಿಸಿದಾಗ ಅವಳು ಬೆರಳೊಂದನ್ನು ಎತ್ತಿ ತೋರಿಸಿದಳು. ಒಂದೇ ಕೇಳು ಎಂದರ್ಥ.

ಕೂಲಿಯ ಬಗ್ಗೆ ಕೇಳುವುದೇ, ಕೆಲಸದ ಅವಧಿಯ ಬಗ್ಗೆಯೇ, ಔಷಧೋಪಚಾರದ ಬಗ್ಗೆಯೇ? ಸೌಜನ್ಯ ಹಾಳೆಯನ್ನೇ ಮಡಚಿಟ್ಟಳು.

“ಎದಿ ಹಿಡೀತಿದ್ರೂ ಯಾಕ ಹೋಗ್ತಿದ್ದಿ, ದೊಡ್ಡವ್ವ?”

ಉತ್ತರ ತಡವಾಗಿ, ತುಂಡುತುಂಡಾಗಿ ಬಂತು.

“ಅಲ್ಲಿ... ಮಾತಾಡಾಕ... ಮಂದಿ ಇದ್ರು.”

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು. ಮತ್ತೆ ಮಾತಾಡುವಷ್ಟು ಉಸಿರು ಅವಳಿಗೆ ಬರಲೇ ಇಲ್ಲ. ದಸರೆಗೆ ಮೊದಲೇ ತೀರಿಕೊಂಡಳು.

ಮಣ್ಣು ಮಾಡಿ, ದಿನ ಕಳೆದು ಬಂದ ಸೌಜನ್ಯಳನ್ನು ಸರ್ ಕೂರಿಸಿಕೊಂಡರು. ಭೀಮಮ್ಮನ ಉತ್ತರವೆಂದು ಅವಳು ಬರೆದು ತಂದಿದ್ದ ಆ ಒಂದು ಸಾಲನ್ನು ಎರಡು ಸಲ ಓದಿದರು.

“ಇದು ವಿಷಯ ನೋಡು. ಇಷ್ಟು ಸಣ್ಣದಿರಬೇಕು. ಏನು ಮಾತಾಡ್ತಿದ್ರು ಅವರು, ಅದನ್ನ ಕೇಳ್ಕೊಂಡು ಬಾ.”

ಸೌಜನ್ಯ ಪೆನ್ನಿನ ಮುಚ್ಚಳ ಹಾಕಿದಳು.

“ಯಾರನ್ನ ಕೇಳ್ಲಿ, ಸರ್?”